ಪುಗಸಟ್ಟೆ ಪಾಠ

ಗೋದೌಲಿಯಾದಲ್ಲಿ ಎಲ್ಲರೂ ಗುರುಗಳೇ. ಪಾನ್ ಅಂಗಡಿಯವನು ರಿಕ್ಷಾದವನನ್ನು ‘ಕಾ ಗುರೂ’ ಎಂದು ಮಾತಾಡಿಸುತ್ತಾನೆ. ರಿಕ್ಷಾದವನು ದಾರಿಗೆ ಅಡ್ಡ ನಿಂತ ಹೋರಿಗೂ ‘ಹಟೋ ಗುರೂ’ ಅನ್ನುತ್ತಾನೆ. ನಾನು ಈ ಊರಿಗೆ ಬಂದ ಹೊಸತರಲ್ಲಿ ಚಹಾದಂಗಡಿಯವನು ನನ್ನನ್ನು ಹಾಗೆ ಕರೆದಾಗ, ನನ್ನ ಬಿಳಿಗೂದಲಿಗೆ ಮರ್ಯಾದೆ ಕೊಟ್ಟ ಅಂದುಕೊಂಡು ಒಳಗೊಳಗೇ ಹಿಗ್ಗಿದ್ದೆ. ಮರುಕ್ಷಣ ಲೋಟ ತೊಳೆಯುವ ಹುಡುಗನನ್ನೂ ಅವನು ಹಾಗೆಯೇ ಕರೆದ. ಬೆಂಗಳೂರಿನ ಹುಡುಗರು ‘ಏನ್ ಗುರು’ ಅಂತಾರಲ್ಲ, ಹಾಗೆ. ಕೊಡುವವನಿಗೆ ಖರ್ಚಿಲ್ಲ, ತಗೊಂಡವನಿಗೆ ಲಾಭವಿಲ್ಲ. ಈ ಪುಕ್ಕಟೆ ಗೌರವದ ವಿಷಯವೇ ಮುಂದೆ ನನ್ನ ತಲೆ ತಿನ್ನುತ್ತದೆ ಅಂತ ಆಗ ಗೊತ್ತಿರಲಿಲ್ಲ.

ನಾನು ಧಾರವಾಡದಲ್ಲಿ ಎಂ.ಕಾಂ. ಮುಗಿಸಿ ಬ್ಯಾಂಕು ಸೇರಿದವನು. ಕೊನೆಯ ವರ್ಗಾವಣೆ ವಾರಾಣಸಿಗೆ ಆಯಿತು. ನಿವೃತ್ತಿಯಾದ ದಿನ ನನ್ನ ಮನೆಯವಳು, “ಹೆಂಗೂ ಬಂದೀವಿ, ಕಾಶ್ಯಾಗ ಎರಡು ವರ್ಷ ಇದ್ದು ಹೋಗೂಣ್ರಿ” ಅಂದಳು. ಎರಡು ಹೋಗಿ ಐದು ದಾಟಿತು. ಗೋದೌಲಿಯಾ ಚೌಕದಿಂದ ಜಂಗಮವಾಡಿ ಮಠದ ಕಡೆ ಹೋಗುವ ಒಂದು ಗಲ್ಲಿಯಲ್ಲಿ ಎರಡು ಕೋಣೆಯ ಬಾಡಿಗೆ ಮನೆ. ಮಠಕ್ಕೆ ಬರುವ ಕಲಬುರ್ಗಿ, ವಿಜಯಪುರದ ಯಾತ್ರಿಕರ ಕನ್ನಡ ಬೆಳಗಿನ ಜಾವದಲ್ಲಿ ಕಿಟಕಿಯಿಂದ ಕೇಳಿಸುತ್ತದೆ. ಊರು ಬಿಟ್ಟವರಿಗೆ ಅಷ್ಟೇ ಸಾಕು, ದಿನ ಚೆನ್ನಾಗಿ ಶುರುವಾಗುತ್ತದೆ.

ಪಿಂಚಣಿ ಬರುತ್ತದೆ, ಹೊತ್ತು ಹೋಗಬೇಕಲ್ಲ? ಗಂಗೆಯನ್ನು ಎಷ್ಟು ಹೊತ್ತು ನೋಡುತ್ತ ಕೂರಲು ಆಗುತ್ತದೆ? ಪರಿಚಯದವರೊಬ್ಬರು ಒಂದು ಖಾಸಗಿ ಪದವಿ ಕಾಲೇಜಿಗೆ ಕರೆದೊಯ್ದರು. ಅಲ್ಲಿನ ವ್ಯವಸ್ಥಾಪಕರು ನನ್ನ ಎಂ.ಕಾಂ. ಮತ್ತು ಮೂವತ್ತೇಳು ವರ್ಷದ ಅನುಭವ ಕೇಳಿ, “ಬಿ.ಕಾಂ. ಮಕ್ಕಳಿಗೆ ಕಾಸ್ಟ್ ಅಕೌಂಟಿಂಗ್, ಬ್ಯಾಂಕಿಂಗ್ ಹೇಳಿಕೊಡಿ. ಏನಾದರೂ ಮಾನದೇಯ ಕೊಡೋಣ” ಅಂದರು. ಮಾನದೇಯ ಅಂದರೆ ನಮ್ಮ ಗೌರವಧನ. ನಾನು ದೊಡ್ಡ ಮನಸ್ಸಿನಿಂದ ಕೈಯಾಡಿಸಿದೆ. “ಛೇ, ಕಾಶಿಯಲ್ಲಿ ವಿದ್ಯೆಗೆ ದುಡ್ಡು ತಗೊಳ್ಳೋದೇ? ಬೇಡ.” ಅವರು ಎದ್ದು ನಿಂತು ಕೈಮುಗಿದರು. ಆ ದಿನ ಮನೆಗೆ ನಡೆದು ಬಂದಾಗ ಕಾಲು ನೆಲದ ಮೇಲಿರಲಿಲ್ಲ.

ವಾರಕ್ಕೆ ಆರು ಪೀರಿಯಡ್. ಮಕ್ಕಳು ಒಳ್ಳೆಯವರು, ನನ್ನ ಹಿಂದಿ ಕೇಳಿ ನಗುತ್ತಿದ್ದರು, ಆದರೂ ಪಾಠ ಕೇಳುತ್ತಿದ್ದರು. ಅದೇ ವಿಭಾಗದಲ್ಲಿ ಮೂವತ್ತೈದರ ಒಬ್ಬ ಯುವಕನಿದ್ದ. ಎಂ.ಕಾಂ., ನೆಟ್ ಪಾಸಾಗಿತ್ತು, ಪಿಎಚ್.ಡಿ. ಕೂಡ ಆಗಿತ್ತು. ನನ್ನನ್ನು ‘ಬಾಬೂಜಿ’ ಎನ್ನುತ್ತಿದ್ದ. ಅವನ ಮನೆಯೂ ನಮ್ಮ ಕಡೆಯೇ, ಆದ್ದರಿಂದ ಸಂಜೆ ಗೋದೌಲಿಯಾವರೆಗೆ ಒಂದೇ ಇ-ರಿಕ್ಷಾದಲ್ಲಿ ಬರುತ್ತಿದ್ದೆವು. ಎರಡು ತಿಂಗಳಾದರೂ ಅವನು ಒಂದು ಮಾತು ಆಡಲಿಲ್ಲ. ಕೊನೆಗೆ ನಾನೇ ಒಂದು ದಿನ, ಕಾಲಹರಣಕ್ಕೆ ಎಂಬಂತೆ, “ನಿನಗೆ ವಾರಕ್ಕೆ ಎಷ್ಟು ಪೀರಿಯಡ್ ಮಗಾ?” ಅಂತ ಕೇಳಿದೆ.

“ಈಗ ಹತ್ತು, ಬಾಬೂಜಿ.”

“ಈಗ ಅಂದರೆ? ಮೊದಲು?”

ಅವನು ಹೊರಗೆ ನೋಡಿದ. “ಹದಿನಾರಿತ್ತು.”

ಹದಿನಾರರಲ್ಲಿ ಹತ್ತು ಕಳೆದರೆ ಆರು. ಇದಕ್ಕೆ ಎಂ.ಕಾಂ. ಬೇಕಿಲ್ಲ.

ಮನೆಗೆ ಬಂದು ಹೆಂಡತಿಗೆ ಹೇಳಿದೆ. ಅವಳು ರೊಟ್ಟಿ ತಟ್ಟುತ್ತಿದ್ದಳು. ಕೈ ನಿಲ್ಲಿಸದೆ, “ಅಂದ್ರ, ಅವನ ತಾಟಿನ್ಯಾಗಿನ ರೊಟ್ಟಿ ತಗದು ನೀವು ದಾನ ಮಾಡಾಕತ್ತೀರಿ” ಅಂದಳು.

ಆ ರಾತ್ರಿ ನಿದ್ದೆ ಬರಲಿಲ್ಲ. ಬ್ಯಾಂಕಿನವನಿಗೆ ನಿದ್ದೆ ಬರದಿದ್ದರೆ ಲೆಕ್ಕ ಹಾಕುತ್ತಾನೆ. ಆ ಕಾಲೇಜಿನಲ್ಲಿ ಒಂದು ಪೀರಿಯಡ್‌ಗೆ 250 ರೂಪಾಯಿ. ಐವತ್ತು ನಿಮಿಷಕ್ಕೆ 250 ಅಂದರೆ ಪರವಾಗಿಲ್ಲವಲ್ಲ ಅನ್ನಿಸುತ್ತದೆ. ಆದರೆ ಅದರ ಹಿಂದೆ ಓದಿಕೊಳ್ಳಲು ಒಂದು ಗಂಟೆ ಬೇಕು, ಹೋಗಿ ಬರುವ ಹೊತ್ತುಂಟು, ಉತ್ತರ ಪತ್ರಿಕೆ ತಿದ್ದುವುದುಂಟು, ಪರೀಕ್ಷೆಯ ಮೇಲ್ವಿಚಾರಣೆಗೆ ‘ಬನ್ನಿ’ ಅಂದರೆ ಹೋಗಬೇಕು. ಎಲ್ಲ ಸೇರಿಸಿ ಭಾಗಿಸಿದರೆ ಗಂಟೆಗೆ ನೂರು ರೂಪಾಯಿಯೂ ಬೀಳುವುದಿಲ್ಲ. ಹದಿನಾರು ಪೀರಿಯಡ್ ಇದ್ದಾಗ ತಿಂಗಳಿಗೆ 16 ಸಾವಿರ. ನಾನು ಹೋದ ಮೇಲೆ ಹತ್ತು ಸಾವಿರ. ಅದೂ ವರ್ಷಕ್ಕೆ ಎಂಟು ತಿಂಗಳು. ಮೇ, ಜೂನ್‌ನಲ್ಲಿ ಪಾಠವಿಲ್ಲ, ಹಣವೂ ಇಲ್ಲ. ಹೊಟ್ಟೆಗೆ ಬೇಸಿಗೆ ರಜೆ ಕೊಡುವ ಉಪಾಯವನ್ನು ಮಾತ್ರ ಯಾವ ವಿಶ್ವವಿದ್ಯಾಲಯವೂ ಇನ್ನೂ ಕಂಡುಹಿಡಿದಿಲ್ಲ.

ನಗು ಬರಿಸುವ ಸಂಗತಿ ಇನ್ನೊಂದಿದೆ. ಆ ವಾರ ನಾನು ಮಕ್ಕಳಿಗೆ ಮಾರ್ಜಿನಲ್ ಕಾಸ್ಟಿಂಗ್ ಹೇಳಿಕೊಡುತ್ತಿದ್ದೆ. ಇನ್ನೊಂದು ಘಟಕ ತಯಾರಿಸಲು ತಗಲುವ ಹೆಚ್ಚುವರಿ ಖರ್ಚು ಎಷ್ಟು ಎಂದು ನೋಡು, ಎಲ್ಲಿ ಕಡಿಮೆಯೋ ಅಲ್ಲಿ ಕೊಳ್ಳು ಎನ್ನುವ ಪಾಠ. ಸೊನ್ನೆ ರೂಪಾಯಿಗೆ ಮೇಷ್ಟ್ರು ಸಿಗುತ್ತಿರುವಾಗ 250 ಯಾಕೆ ಕೊಡಬೇಕು? ವ್ಯವಸ್ಥಾಪಕರು ನನ್ನ ಪಾಠವನ್ನು ನನಗಿಂತ ಮೊದಲೇ ಕಲಿತಿದ್ದರು.

ಇಲ್ಲಿಂದ ನನ್ನ ಪ್ರಶ್ನೆ ಶುರುವಾಯಿತು. ನಾನು ಮಾಡಿದ್ದು ಒಳ್ಳೆಯ ಕೆಲಸವೇ? ವಿದ್ಯಾದಾನ ದೊಡ್ಡದು ಎಂದು ನಮ್ಮ ಹಿರಿಯರು ಹೇಳಿಕೊಟ್ಟಿದ್ದಾರೆ. ಈ ಕಾಶಿಯಲ್ಲೇ ಶತಮಾನಗಳ ಕಾಲ ಪಂಡಿತರು ಶುಲ್ಕವಿಲ್ಲದೆ ಮನೆಯಲ್ಲೇ ಪಾಠ ಹೇಳಿದರು. 1898ರಲ್ಲಿ ಆನಿ ಬೆಸೆಂಟರು ಇಲ್ಲಿ ಸೆಂಟ್ರಲ್ ಹಿಂದೂ ಕಾಲೇಜು ಶುರುಮಾಡಿದಾಗ ಸಂಬಳದ ಆಸೆಯಿಲ್ಲದೆ ಬಂದು ದುಡಿದವರಿದ್ದರು. ಹಾಗಾದರೆ ನನ್ನ ತಪ್ಪೇನು?

ಈ ಊರಲ್ಲಿ ನಾಲ್ಕು ಗಲ್ಲಿ ಸುತ್ತಿದರೆ ಉತ್ತರ ಸಿಗುತ್ತದೆ. ದಶಾಶ್ವಮೇಧದಿಂದ ದಕ್ಷಿಣಕ್ಕೆ ನಡೆಯುತ್ತ ಹೋಗಿ. ರಾಜರು, ಸಂಸ್ಥಾನಿಕರು, ಸಾಹುಕಾರರು ಕಟ್ಟಿಸಿದ ಛತ್ರಗಳು, ಮಠಗಳು ಸಾಲಾಗಿ ಸಿಗುತ್ತವೆ. ಹನುಮಾನ್ ಘಾಟಿನ ಹತ್ತಿರ ನಮ್ಮ ಮೈಸೂರು ಸಂಸ್ಥಾನದ್ದೂ ಇದೆ. ಈಗ ಅದು ಕರ್ನಾಟಕ ಘಾಟ್. ಇವೆಲ್ಲ ಬರೀ ಯಾತ್ರಿಕರಿಗಾಗಿ ಹುಟ್ಟಿದವಲ್ಲ. ಓದುವ ಹುಡುಗನಿಗೆ ಎರಡು ಹೊತ್ತು ಅನ್ನ, ಓದಿಸುವ ಪಂಡಿತನಿಗೆ ಧಾನ್ಯ, ದಕ್ಷಿಣೆ, ವರ್ಷಾಸನ ಹೀಗೆ ಸಲ್ಲುತ್ತಿದ್ದವು. ಪಂಡಿತ ಶಿಷ್ಯನ ಹತ್ತಿರ ಕೈಚಾಚಲಿಲ್ಲ, ಯಾಕಂದರೆ ಊರು ಅವನ ಅಡುಗೆಮನೆಯ ಹೊಣೆ ಹೊತ್ತಿತ್ತು. 1791ರಲ್ಲಿ ಜೊನಾಥನ್ ಡಂಕನ್ ಇಲ್ಲಿ ಸಂಸ್ಕೃತ ಕಾಲೇಜು ತೆರೆದಾಗ, ಲಾಭನಷ್ಟ ಬಿಟ್ಟು ಬೇರೇನೂ ನೋಡದ ಈಸ್ಟ್ ಇಂಡಿಯಾ ಕಂಪನಿ ಕೂಡ ಪಂಡಿತರಿಗೆ ಸಂಬಳ ಗೊತ್ತುಮಾಡಿತು.

ಅಂದರೆ ಅದು ಎರಡು ಕಡೆಯ ಒಪ್ಪಂದ. ಗುರು ಕೇಳಬಾರದು, ಸಮಾಜ ಕೇಳಿಸಿಕೊಳ್ಳಬಾರದು, ಮೊದಲೇ ಕೊಟ್ಟಿರಬೇಕು. ನಾವು ಈಗ ಮೊದಲರ್ಧ ಇಟ್ಟುಕೊಂಡು ಎರಡನೆಯದನ್ನು ಬಿಟ್ಟಿದ್ದೇವೆ. ‘ಗೌರವಧನ’ ಅನ್ನುವ ಮಾತು ಈ ಬಿಟ್ಟ ಜಾಗವನ್ನು ಮುಚ್ಚುವ ಚಾದರ. ಊರಿನ ಡಾಕ್ಟರು ವರ್ಷಕ್ಕೊಮ್ಮೆ ಬಂದು ಭಾಷಣ ಮಾಡಿದರೆ ಶಾಲು ಹೊದಿಸಿ ಕೊಡುವ ಲಕೋಟೆ ಗೌರವಧನ. ಅದು ಬರದಿದ್ದರೂ ಅವರ ಮನೆಯಲ್ಲಿ ಒಲೆ ಉರಿಯುತ್ತದೆ. ದಿನಾ ಬಂದು, ಹಾಜರಿ ಹಾಕಿ, ಸಿಲಬಸ್ ಮುಗಿಸುವವನಿಗೆ ಕೊಡುವುದು ಕೂಲಿ, ಸಂಬಳ. ಹೆಸರಿನಲ್ಲಿ ಏನಿದೆ ಅನ್ನಬೇಡಿ. ಸಂಬಳ ತಡವಾದರೆ ಕೇಳಬಹುದು. ಗೌರವ ತಡವಾಯಿತು ಅಂತ ಯಾರನ್ನು ಕೇಳುವುದು? ‘ಅತಿಥಿ’ ಅನ್ನುವ ಮಾತೂ ಹಾಗೇ. ಹದಿನೈದು ವರ್ಷ ಒಂದೇ ಮನೆಗೆ ಬಂದು ಪಾತ್ರೆ ತೊಳೆಯುವವನನ್ನು ಯಾವ ಊರಲ್ಲಿ ಅತಿಥಿ ಅನ್ನುತ್ತಾರೆ?

ನನ್ನ ಹಳೆಯ ತಪ್ಪೊಂದು ಆಗ ನೆನಪಾಯಿತು. ಬಳ್ಳಾರಿ ಜಿಲ್ಲೆಯ ಒಂದು ಶಾಖೆಯಲ್ಲಿ ಮ್ಯಾನೇಜರ್ ಆಗಿದ್ದಾಗ ನೀರು ತರಲು, ಲೆಡ್ಜರ್ ಹೊರಲು ದಿನಗೂಲಿ ಹುಡುಗನೊಬ್ಬನಿದ್ದ. ಹನ್ನೆರಡು ತಿಂಗಳಲ್ಲಿ 240 ದಿನ ಕೆಲಸ ಮಾಡಿದರೆ ಆಗಿನ ಕೈಗಾರಿಕಾ ವಿವಾದ ಕಾಯಿದೆಯಲ್ಲಿ ಅವನಿಗೆ ಒಂದಿಷ್ಟು ರಕ್ಷಣೆ ಬರುತ್ತಿತ್ತು. ಹಾಗಾಗಬಾರದು ಎಂದು ಮೇಲಿನಿಂದ ಬಾಯಿಮಾತಿನ ಸೂಚನೆ ಇರುತ್ತಿತ್ತು. 230ನೇ ದಿನದ ಹೊತ್ತಿಗೆ ನಾನು ಅವನಿಗೆ, “ಸ್ವಲ್ಪ ದಿನ ಬಿಟ್ಟು ಬಾರಪ್ಪ” ಅಂದೆ. ಬೆನ್ನು ತಟ್ಟಿ, ಕೈಯಿಂದ ನೂರು ರೂಪಾಯಿ ಕೊಟ್ಟೆ. ಒಳ್ಳೆಯ ಮ್ಯಾನೇಜರ್ ಅಂತ ಅನ್ನಿಸಿಕೊಂಡೆ. ನನ್ನ ಸಂಬಳ ಮಾತ್ರ ಯಾರ ದಯೆಯೂ ಆಗಿರಲಿಲ್ಲ. 1966ರ ಮೊದಲ ದ್ವಿಪಕ್ಷೀಯ ಒಪ್ಪಂದದಿಂದ ಹಿಡಿದು, ಬ್ಯಾಂಕ್ ನೌಕರರ ಸಂಘಗಳು ಮೇಜಿನ ಎದುರು ಕೂತು, ಬೀದಿಗಿಳಿದು ಪಡೆದ ಹಕ್ಕು ಅದು. ಅದರ ಬಲದಿಂದಲೇ ಇವತ್ತು ಪಿಂಚಣಿ ಬರುತ್ತಿದೆ. ಆ ಪಿಂಚಣಿಯ ಬಲದಿಂದಲೇ ನಾನು ಕಾಲೇಜಿನಲ್ಲಿ ‘ದುಡ್ಡು ಬೇಡ’ ಅನ್ನಲು ಸಾಧ್ಯವಾದದ್ದು. ಹಕ್ಕಿನಿಂದ ಗಳಿಸಿದ್ದನ್ನು ಉಂಡು, ಇನ್ನೊಬ್ಬನಿಗೆ ತ್ಯಾಗ ಕಲಿಸಲು ಹೋಗಿದ್ದೆ.

ಒಂದು ಸಂಜೆ ಚೌಕದ ನಂದಿಯ ಹತ್ತಿರ ನಿಂತು ಕುಲ್ಹಡ್ ಚಹಾ ಕುಡಿಯುವಾಗ ಆ ಯುವಕ ಕೇಳಿದ: “ನಿಮ್ಮ ಕರ್ನಾಟಕದಲ್ಲಿ ಹೇಗೆ, ಬಾಬೂಜಿ? ಐಟಿಯವರ ರಾಜ್ಯ, ಅಲ್ಲಿ ಚೆನ್ನಾಗಿರಬೇಕು.” ಊರಿನ ಮಾನ ಕಾಯಬೇಕು ಅನ್ನಿಸಿತು, ಆದರೆ ಸುಳ್ಳು ಹೇಳಲಾಗಲಿಲ್ಲ. ನಮ್ಮಲ್ಲಿ ಸರ್ಕಾರಿ ಪ್ರಥಮ ದರ್ಜೆ ಕಾಲೇಜುಗಳು ನಾನೂರಕ್ಕೂ ಹೆಚ್ಚು. ಅವುಗಳಲ್ಲಿ ಪಾಠ ನಡೆಯುತ್ತಿರುವುದೇ ಸಾವಿರಾರು ಅತಿಥಿ ಉಪನ್ಯಾಸಕರಿಂದ. 2021ರ ಕೊನೆಯವರೆಗೆ ಅವರಿಗೆ ತಿಂಗಳಿಗೆ 11 ಸಾವಿರ, ಯುಜಿಸಿ ಅರ್ಹತೆ ಇದ್ದರೆ 13 ಸಾವಿರ. ಆ ಡಿಸೆಂಬರಿನಲ್ಲಿ ಅವರು ತರಗತಿ ಬಹಿಷ್ಕರಿಸಿದರು. 2022ರ ಜನವರಿಯಲ್ಲಿ ಸರ್ಕಾರ 26ರಿಂದ 32 ಸಾವಿರಕ್ಕೆ ಏರಿಸಿತು. ಒಳ್ಳೆಯದೇ. ಆದರೆ ಜೊತೆಗೆ ವಾರದ ಪಾಠವನ್ನು ಹದಿನೈದು ಗಂಟೆಗೆ ಏರಿಸಿತು. ಇಬ್ಬರ ಪಾಠ ಒಬ್ಬನಿಗೆ ಬಂದರೆ ಇನ್ನೊಬ್ಬ ಎಲ್ಲಿಗೆ ಹೋಗಬೇಕು? ಎಷ್ಟೋ ಜನ ಹೊರಗುಳಿದರು. ಮತ್ತೆ 2023ರ ನವೆಂಬರಿನಲ್ಲಿ ಮುಷ್ಕರ. ಹೊಸ ವರ್ಷದ ದಿನ ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ. ಆ ಹೋರಾಟದ ನಡುವೆ ಸೇವೆಯ ವರ್ಷ ನೋಡಿ ಐದರಿಂದ ಎಂಟು ಸಾವಿರ ಏರಿಕೆ, ಐದು ಲಕ್ಷದ ಆರೋಗ್ಯ ವಿಮೆ ಘೋಷಣೆಯಾಯಿತು. ಅವರು ಕೇಳಿದ್ದ ಸೇವಾ ಭದ್ರತೆ ಮಾತ್ರ ಸಿಗಲಿಲ್ಲ.

“ನಲವತ್ತು ಸಾವಿರವಾ!” ಅಂದ ಅವನು. ಅವನಿಗೆ ಅದೇ ಸ್ವರ್ಗ. ಅವನ ಮಾತು ಕೇಳಿ ನನಗೆ ನೋವಾಯಿತು. ನ್ಯಾಯದ ಅಳತೆಗೋಲು ಯಾವುದು ಎಂಬ ಪ್ರಶ್ನೆಯೂ ಅಲ್ಲೇ ಇದೆ. ನಮಗಿಂತ ಕೆಳಗಿನವನನ್ನು ನೋಡಿ ಅಳೆದರೆ ಎಲ್ಲ ಸಂಬಳವೂ ಹೆಚ್ಚೇ. ಪಕ್ಕದ ಕೋಣೆಯಲ್ಲಿ ಅದೇ ಪಾಠ ಮಾಡುವವನನ್ನು ನೋಡಿ ಅಳೆಯಬೇಕು. ಇಲ್ಲಿಂದ ನಾಲ್ಕೈದು ಕಿಲೋಮೀಟರ್ ದೂರದಲ್ಲಿ ಮಾಲವೀಯರು 1916ರಲ್ಲಿ ಕಟ್ಟಿದ ವಿಶ್ವವಿದ್ಯಾಲಯವಿದೆ. ಅಂಥ ಕೇಂದ್ರೀಯ ವಿಶ್ವವಿದ್ಯಾಲಯದಲ್ಲಿ ಹೊಸದಾಗಿ ಸೇರುವ ಕಾಯಂ ಸಹಾಯಕ ಪ್ರಾಧ್ಯಾಪಕರ ಮೂಲ ವೇತನ 57,700 ರೂಪಾಯಿ. ತುಟ್ಟಿಭತ್ಯೆ ಸೇರಿದರೆ ತೊಂಬತ್ತು ಸಾವಿರದ ಸುಮಾರು. ಓದು ಅದೇ, ಪರೀಕ್ಷೆ ಅದೇ, ಕಪ್ಪು ಹಲಗೆ ಅದೇ.

ಕಾಗದದ ಮೇಲೆ ನಮ್ಮ ದೇಶ ಈ ವಿಷಯದಲ್ಲಿ ಹಿಂದೆ ಬಿದ್ದಿಲ್ಲ. ಸಂವಿಧಾನದ 39ನೇ ವಿಧಿ ಸಮಾನ ಕೆಲಸಕ್ಕೆ ಸಮಾನ ವೇತನ ಎನ್ನುತ್ತದೆ. ಯುಜಿಸಿಯ 2018ರ ನಿಯಮಾವಳಿ ಗುತ್ತಿಗೆಯ ಅಧ್ಯಾಪಕರು ಶೇಕಡಾ ಹತ್ತಕ್ಕಿಂತ ಹೆಚ್ಚಿರಬಾರದು, ಅವರ ವೇತನ ಕಾಯಂ ಸಹಾಯಕ ಪ್ರಾಧ್ಯಾಪಕರ ಒಟ್ಟು ಸಂಬಳಕ್ಕಿಂತ ಕಡಿಮೆ ಇರಬಾರದು ಎನ್ನುತ್ತದೆ. ಇದನ್ನು ತಪ್ಪಿಸಿಕೊಳ್ಳುವುದು ಸುಲಭ. ‘ಗುತ್ತಿಗೆ’ ಅನ್ನಬೇಡಿ, ‘ಅತಿಥಿ’ ಅನ್ನಿ. ಅತಿಥಿಗೆ ಬೇರೆ ದರ: 2019ರಲ್ಲಿ ಯುಜಿಸಿ ನಿಗದಿ ಮಾಡಿದ್ದು ಒಂದು ಉಪನ್ಯಾಸಕ್ಕೆ 1500 ರೂಪಾಯಿ, ತಿಂಗಳಿಗೆ 50 ಸಾವಿರ ಮೀರದಂತೆ. ಆ ಯುವಕನ 250ಕ್ಕೂ ಇದಕ್ಕೂ ಇರುವ ಅಂತರ ನೋಡಿ.

ಇದಕ್ಕೆ ಎದುರು ವಾದವೂ ಇದೆ. ನಾನು ಸಾಲದ ಅರ್ಜಿಗಳನ್ನು ನೋಡಿದವನು, ಎರಡೂ ಕಡೆ ಕೇಳುವುದು ರೂಢಿ. “ಯಾರೂ ಕೈಕಾಲು ಕಟ್ಟಿ ತಂದಿಲ್ಲ. ದರ ಗೊತ್ತಿದ್ದೇ ಬಂದರು, ಬೇಡವಾದರೆ ಬಿಡಲಿ” ಅನ್ನುತ್ತಾರೆ. ಸುಪ್ರೀಂ ಕೋರ್ಟು 2016ರಲ್ಲಿ ಪಂಜಾಬಿನ ಹಂಗಾಮಿ ನೌಕರರ ಪ್ರಕರಣದಲ್ಲಿ ಇದಕ್ಕೆ ಉತ್ತರ ಕೊಟ್ಟಿದೆ: ಕಡಿಮೆ ಕೂಲಿಗೆ ಒಪ್ಪುವವನು ಮನಸಾರೆ ಒಪ್ಪುವುದಿಲ್ಲ, ಮನೆಯವರ ಹೊಟ್ಟೆಗಾಗಿ ತನ್ನ ಸ್ವಾಭಿಮಾನವನ್ನು ಒತ್ತೆಯಿಟ್ಟು ಒಪ್ಪುತ್ತಾನೆ ಎಂಬ ಅರ್ಥದ ಮಾತು. ಸಾಲಗಾರರ ಸಹಿ ನೋಡಿದ ನನಗೆ ಇದು ಚೆನ್ನಾಗಿ ಅರ್ಥವಾಗುತ್ತದೆ. ಲೇವಾದೇವಿಯವನ ಹತ್ತಿರ ತಿಂಗಳಿಗೆ ಐದು ರೂಪಾಯಿ ಬಡ್ಡಿಗೆ ಸಹಿ ಹಾಕಿದವನೂ ಕಣ್ತೆರೆದೇ ಹಾಕಿರುತ್ತಾನೆ. ಹಾಗಂತ ಆ ಬಡ್ಡಿ ನ್ಯಾಯವಾಗುತ್ತದೆಯೇ?

ಇನ್ನೊಂದು ವಾದ, “ಹಣವಿಲ್ಲ” ಎನ್ನುವುದು. ಇದನ್ನು ನಾನು ಹಗುರಾಗಿ ತಳ್ಳಿಹಾಕುವುದಿಲ್ಲ. ಶುಲ್ಕ ಏರಿಸಿದರೆ ನೇಕಾರರ, ದೋಣಿಯವರ ಮಕ್ಕಳು ಓದುವುದಿಲ್ಲ. ಆದರೆ ಬಡ ಮಕ್ಕಳ ಓದಿನ ಖರ್ಚನ್ನು ಬಡ ಮೇಷ್ಟರ ಜೇಬಿನಿಂದಲೇ ಯಾಕೆ ತುಂಬಬೇಕು? ಕಟ್ಟಡ ಕಟ್ಟಿದ ಕಂಟ್ರಾಕ್ಟರು ಗೌರವಧನಕ್ಕೆ ಕಟ್ಟುವುದಿಲ್ಲ, ಸಿಮೆಂಟಿನವನು ವಿದ್ಯಾದಾನ ಅಂತ ಚೀಲ ಕೊಡುವುದಿಲ್ಲ. ತ್ಯಾಗದ ಸರದಿ ಬರುವುದು ಪಾಠ ಮಾಡುವವನಿಗೆ ಮಾತ್ರ. 2025ರ ಆಗಸ್ಟಿನಲ್ಲಿ ಗುಜರಾತಿನ ಸರ್ಕಾರಿ ಎಂಜಿನಿಯರಿಂಗ್ ಕಾಲೇಜುಗಳ ಗುತ್ತಿಗೆ ಅಧ್ಯಾಪಕರ ಪ್ರಕರಣ ತೀರ್ಮಾನವಾಯಿತು. ಅವರ ಕೈಗೆ ಬರುತ್ತಿದ್ದದ್ದು 30 ಸಾವಿರ. ಕಾಯಂ ಹುದ್ದೆಯ ಕನಿಷ್ಠ ವೇತನ ಶ್ರೇಣಿ ಕೊಡಿ ಎಂದು ಸುಪ್ರೀಂ ಕೋರ್ಟು ಆದೇಶಿಸಿತು. ಸಭೆಗಳಲ್ಲಿ ಗುರುವನ್ನು ಬ್ರಹ್ಮ, ವಿಷ್ಣು ಅಂತ ಹೊಗಳಿದರೆ ಸಾಲದು, ನಡೆಸಿಕೊಳ್ಳುವ ರೀತಿಯಲ್ಲಿ ಅದು ಕಾಣಬೇಕು ಎಂದೂ ಹೇಳಿತು. ಪತ್ರಿಕೆಯಲ್ಲಿ ಇದನ್ನು ಓದುವಾಗ ನನಗೆ ಗೋದೌಲಿಯಾದ ‘ಕಾ ಗುರೂ’ ನೆನಪಾಗಿ ನಗುವೂ ಬಂತು, ನಾಚಿಕೆಯೂ ಆಯಿತು.

ಪಕ್ಕದ ಮಠಕ್ಕೆ ಬರುವ ನಮ್ಮ ಕಡೆಯ ಹೆಂಗಸರೊಬ್ಬರು ಒಂದು ದಿನ ನನ್ನ ಹೆಂಡತಿಯ ಜೊತೆ ಮಾತಾಡುತ್ತ ಆಯ್ದಕ್ಕಿ ಲಕ್ಕಮ್ಮನ ಕಥೆ ತೆಗೆದರು. ನಿಮಗೆಲ್ಲ ಗೊತ್ತಿರುವುದೇ. ಮಾರಯ್ಯ ಒಂದು ದಿನ ಎಂದಿಗಿಂತ ಹೆಚ್ಚು ಅಕ್ಕಿ ಆಯ್ದು ತಂದ, ಅವಳು ಹೆಚ್ಚಾದದ್ದನ್ನು ಅಲ್ಲೇ ಸುರಿದು ಬಾ ಎಂದು ವಾಪಸು ಕಳಿಸಿದಳು. ಚಿಕ್ಕಂದಿನಿಂದ ಕೇಳಿದ ಕಥೆ, ಆಸೆಬುರುಕತನಕ್ಕೆ ಬುದ್ಧಿ ಅಂತಲೇ ತಿಳಿದಿದ್ದೆ. ಆ ದಿನ ಬೇರೆ ರೀತಿ ಕೇಳಿಸಿತು. ಅಂಗಳದಲ್ಲಿ ಬಿದ್ದ ಅಕ್ಕಿ ಆಯುವವರು ಇನ್ನೂ ಇರುತ್ತಾರಲ್ಲ? ನಾನು ರೂಪಾಯಿ ಮುಟ್ಟಿರಲಿಲ್ಲ ನಿಜ. ಆದರೆ ನನಗೆ ಬೇಡವಾದ ಅಕ್ಕಿಯನ್ನು ಆಯ್ದು, ‘ನೋಡಿ, ನಾನು ಉಣ್ಣುವುದಿಲ್ಲ’ ಅಂತ ಜಂಬಪಟ್ಟಿದ್ದೆ.

ಮಾರನೆಯ ವಾರ ವ್ಯವಸ್ಥಾಪಕರ ಹತ್ತಿರ ಹೋದೆ. “ನನಗೂ ಎಲ್ಲರ ದರವೇ ಕೊಡಿ, ಇಲ್ಲವೇ ನನ್ನ ಆರು ಪೀರಿಯಡ್ ಅವನಿಗೆ ವಾಪಸು ಕೊಡಿ” ಅಂದೆ. ಅವರು ನಕ್ಕು ಲಸ್ಸಿ ತರಿಸಿದರು. “ನಿಮ್ಮಂಥವರು ದುಡ್ಡಿನ ಮಾತಾಡಬಾರದು” ಅಂದರು. ನಾನು ಬಿಟ್ಟುಬಂದೆ. ಕಥೆಯಾಗಿದ್ದರೆ ಆರು ಪೀರಿಯಡ್ ಆ ಯುವಕನಿಗೆ ಮರಳಬೇಕಿತ್ತು. ಹಾಗಾಗಲಿಲ್ಲ. ಇನ್ನೊಬ್ಬ ನಿವೃತ್ತ ಅಧಿಕಾರಿ ಸಿಕ್ಕರು, ಅವರಿಗೂ ಹೊತ್ತು ಹೋಗಬೇಕಿತ್ತು.

ಎಂಟು ತಿಂಗಳಲ್ಲಿ ಅವನಿಗೆ ನನ್ನಿಂದಾದ ನಷ್ಟ 48 ಸಾವಿರ. ಆ ಮೊತ್ತಕ್ಕೆ ಚೆಕ್ ಬರೆದು, ಒಂದು ಸಂಜೆ ಚಹಾದಂಗಡಿಯಲ್ಲಿ ಅವನ ಮುಂದಿಟ್ಟೆ. ಅವನು ಓದಿ, ಮಡಚಿ, ನನ್ನ ಜೇಬಿಗೇ ಹಾಕಿದ. “ಇದು ನೀವು ಕೊಡಬೇಕಾದದ್ದಲ್ಲ, ಬಾಬೂಜಿ. ಕೊಡಬೇಕಾದವರು ಕೊಡಲಿ” ಅಂದ. ಸಿಟ್ಟಿರಲಿಲ್ಲ. ಚಹಾಕ್ಕೆ ಅವನೇ ದುಡ್ಡು ಕೊಟ್ಟ.

ಆ ಚೆಕ್ಕಿನ ಅವಧಿ ಮೂರು ತಿಂಗಳು, ಅದೂ ಮುಗಿಯಿತು. ಆದರೂ ಹರಿದು ಹಾಕಿಲ್ಲ, ಪಾಸ್‌ಬುಕ್ಕಿನೊಳಗೆ ಇಟ್ಟಿದ್ದೇನೆ. ಊರಿನಲ್ಲಿರುವ ನನ್ನ ಓರಗೆಯ ನಿವೃತ್ತರಿಗೆ ಒಂದು ಮಾತು ಹೇಳಬೇಕೆನಿಸಿ ಇಷ್ಟು ಬರೆದೆ. ಪಾಠ ಮಾಡುವ ಆಸೆ ಇದ್ದರೆ ಓಣಿಯ ಮಕ್ಕಳಿಗೆ ಮಾಡಿ, ಗ್ರಂಥಾಲಯದಲ್ಲಿ ಮಾಡಿ. ಕಾಲೇಜಿಗೆ ಹೋಗುವುದೇ ಆದರೆ ಮೊದಲು, ಈ ಪೀರಿಯಡ್ ನಿನ್ನೆಯವರೆಗೆ ಯಾರದಿತ್ತು ಅಂತ ವಿಚಾರಿಸಿ. ನಾನು ಕೇಳಲು ಎರಡು ತಿಂಗಳು ತಡಮಾಡಿದೆ.